ಮೂರನೆಯ ‘ಅವತಾರ್’ಗೆ ಯಾರೆಲ್ಲ ಬರುತ್ತೀರಿ?

ಪಾಂಡೋರಾ ಪಣಂಬೂರು | ಡಿಸೆಂಬರ್ 13, 2025, ಶನಿವಾರ

ಇನ್ನು ಆರೇ ದಿನ. ಜೇಮ್ಸ್ ಕ್ಯಾಮರೂನ್ ಅವರ ‘ಅವತಾರ್: ಫೈರ್ ಆ್ಯಂಡ್ ಆ್ಯಶ್’ 19ರ ಶುಕ್ರವಾರ ತೆರೆಗೆ ಬರುತ್ತಿದೆ. ನನಗೆ ಈಗಲೇ ನಿದ್ದೆ ಹತ್ತುತ್ತಿಲ್ಲ.

ಮೊದಲನೆಯದು 2009ರ ಡಿಸೆಂಬರ್‌ನಲ್ಲಿ ಬಂದಾಗ ನಾನು ಡಿಪ್ಲೊಮಾ ಎರಡನೆಯ ವರ್ಷ. ಗ್ರಂಥಾಲಯಕ್ಕೆ ಪುಸ್ತಕ ಮರಳಿಸಬೇಕು ಎಂದು ಮನೆಯಲ್ಲಿ ಸುಳ್ಳು ಹೇಳಿ ಹೋಗಿ ನೋಡಿದ್ದೆ. ಎರಡನೆಯದಕ್ಕೆ ಹದಿಮೂರು ವರ್ಷ ಕಾಯಿಸಿದರು. 2022ರಲ್ಲಿ ಅದು ಬರುವ ಹೊತ್ತಿಗೆ ನನಗೆ ಮದುವೆಯಾಗಿ ಮಗಳೂ ಹುಟ್ಟಿದ್ದಳು. ಕತ್ತಲಲ್ಲಿ ಅವಳು ಅತ್ತದ್ದೇ ಅತ್ತದ್ದು. ತಿಮಿಂಗಿಲದ ಕಥೆಯ ಅರ್ಧವನ್ನು ನಾನು ಬಾಗಿಲ ಹೊರಗೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಬರೀ ಕಿವಿಯಿಂದ ಕೇಳಿದೆ. ಈ ಸಲ ಮಗಳನ್ನು ಅಜ್ಜಿ ಮನೆಗೆ ಬಿಟ್ಟಾಗಿದೆ.

ಟ್ರೇಲರ್ ನೋಡದವರಿಗೆ ಎರಡು ಮಾತು. ಈ ಬಾರಿ ಪಾಂಡೋರಾ ಲೋಕದ ನೀಲಿ ಮೈಯ ಮೂಲನಿವಾಸಿಗಳಾದ ನಾವಿಗಳಲ್ಲೇ ಒಂದು ಕುಲ ತಿರುಗಿ ಬಿದ್ದಿದೆ. ಅವರು ಬೂದಿಯ ಜನ, ಮಾಂಗ್‌ಕ್ವಾನ್ ಕುಲದವರು. ಜ್ವಾಲಾಮುಖಿ ಅವರ ನೆಲೆಯನ್ನು ನುಂಗಿದಾಗ ಏವಾ ಎಂಬ ಮಹಾತಾಯಿ ಕೈಬಿಟ್ಟಳು ಎಂದು ಆಕೆಯನ್ನು ನಂಬುವುದನ್ನೇ ಬಿಟ್ಟವರು. ಅವರ ನಾಯಕಿ ವರಾಂಗ್. ಪಾತ್ರ ಮಾಡಿದವರು ಚಾರ್ಲಿ ಚಾಪ್ಲಿನ್ನರ ಮೊಮ್ಮಗಳು ಊನಾ ಚಾಪ್ಲಿನ್. ಇನ್ನೊಂದು ಕಡೆ ಗಾಳಿಯ ವ್ಯಾಪಾರಿಗಳಿದ್ದಾರೆ. ಜೆಲ್ಲಿಮೀನಿನಂತೆ ಊದಿಕೊಂಡ ಬೃಹತ್ ಜೀವಿಗಳ ಕೆಳಗೆ ಹಡಗು ಕಟ್ಟಿಕೊಂಡು ಆಕಾಶದಲ್ಲಿ ತೇಲುವವರು. ಅದೊಂದನ್ನು ನೋಡಲಿಕ್ಕಾದರೂ ದೊಡ್ಡ ಪರದೆಗೆ ಹೋಗಬೇಕು.

ಕನ್ನಡದಲ್ಲೂ ಬರುತ್ತಿದೆ. ಮಂಗಳೂರಿನಲ್ಲಿ ಕನ್ನಡಕ್ಕೆ ಸದ್ಯ ಒಂದೇ ಆಟ ಕಾಣಿಸುತ್ತಿದೆ, ಅದೂ ಬೆಳಗ್ಗೆ ಒಂಬತ್ತಕ್ಕೆ. ಹತ್ತು ಹದಿನೈದು ಜನ ಸೇರಿದರೆ ಒಂದು ಸಾಲನ್ನೇ ಹಿಡಿಯಬಹುದು. ಬರುವವರು ಕೈ ಎತ್ತಿ.

ಕೊನೆಯ ಸಾಲು | ಡಿಸೆಂಬರ್ 13

ಕೈ ಎತ್ತುವ ಮೊದಲು ಜೇಬು ಮುಟ್ಟಿ ನೋಡಿಕೊಂಡೆ. ಸೆಪ್ಟೆಂಬರ್‌ನಲ್ಲಿ ಸರ್ಕಾರ ಟಿಕೆಟ್ಟಿಗೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಎಂದು ಆದೇಶ ಹೊರಡಿಸಿದಾಗ ನಾನು ಹೆಂಡತಿಗೆ ಫೋನ್ ಮಾಡಿ ಹೇಳಿದ್ದೆ. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಅದನ್ನು ಮಾತ್ರ ಅವಳಿಗೆ ಹೇಳಲಿಲ್ಲ. ಈಗ ನಾಲ್ಕು ಜನರ ಟಿಕೆಟ್ಟಿಗೆ, 3ಡಿ ಕನ್ನಡಕಕ್ಕೆ, ಮಧ್ಯಂತರದ ಜೋಳದ ಹುರಿಗೆ ಲೆಕ್ಕ ಹಾಕಿದರೆ ಆ ದುಡ್ಡಿನಲ್ಲಿ ವಾರವಿಡೀ ಅಂಜಲ್ ಮೀನು ತಿನ್ನಬಹುದು.

ಮತ್ತೆ 197 ನಿಮಿಷವಂತೆ. ಮೂರು ಗಂಟೆ ಹದಿನೇಳು ನಿಮಿಷ! ಜಾಹೀರಾತು ಸೇರಿದರೆ ನಾಲ್ಕು ಗಂಟೆಯ ಹತ್ತಿರ. ರಾತ್ರಿ ಆಟಕ್ಕೆ ಹೋದರೆ ಕಿನ್ನಿಗೋಳಿಗೆ ನಾನು ಪಾಂಡೋರಾದ ಹಕ್ಕಿಯ ಬೆನ್ನೇರಿಯೇ ಹೋಗಬೇಕು, ಬಸ್ಸಂತೂ ಇರುವುದಿಲ್ಲ.

ಚೌಕಿಮನೆ | ಡಿಸೆಂಬರ್ 13

ನಾನು ಬರುವುದಿಲ್ಲ. ಮೊದಲನೆಯದರಲ್ಲಿ ಮನುಷ್ಯರು ಬಂದರು, ಕಾಡು ಸುಟ್ಟರು, ಕೊನೆಗೆ ಯುದ್ಧವಾಯಿತು, ಖಳ ಸತ್ತ. ಎರಡನೆಯದರಲ್ಲಿ ಮನುಷ್ಯರು ಮತ್ತೆ ಬಂದರು, ಕಡಲು ಕೆಡಿಸಿದರು, ಕೊನೆಗೆ ಯುದ್ಧವಾಯಿತು. ಸತ್ತ ಖಳನೇ ನೀಲಿ ಮೈ ತೊಟ್ಟು ಬಂದಿದ್ದ. ಮೂರನೆಯದರ ಕಥೆಯನ್ನು ನಾನು ಟಿಕೆಟ್ ಇಲ್ಲದೆ ಹೇಳಬಲ್ಲೆ. ಕಾಡು, ಕಡಲು ಆಯಿತು, ಈಗ ಬೆಂಕಿ. ನಾಲ್ಕನೆಯದಕ್ಕೆ ಪಂಚಭೂತಗಳಲ್ಲಿ ಯಾವುದು ಉಳಿದಿದೆ ಎಂದು ಲೆಕ್ಕ ಹಾಕಿಕೊಳ್ಳಿ.

ಪಾಂಡೋರಾ ಪಣಂಬೂರು | ಡಿಸೆಂಬರ್ 13

ಯಕ್ಷಗಾನದ ಚೌಕಿಯಲ್ಲಿ, ವೇಷ ಕಟ್ಟುವ ಕೋಣೆಯಲ್ಲಿ, ಕುಳಿತವರು ಈ ಮಾತು ಆಡಬಾರದು! ಒಂದೇ ಪ್ರಸಂಗವನ್ನು ಒಂದೇ ಊರಿನಲ್ಲಿ ವರ್ಷಾವಧಿ ನೋಡುವವರು ನಾವು. ಮಹಿಷ ಸಾಯುತ್ತಾನೆ ಎಂದು ಗೊತ್ತಿದ್ದೂ ಬೆಳಗಿನ ಜಾವದವರೆಗೆ ಗದ್ದೆಯಲ್ಲಿ ಚಾಪೆ ಹಾಸಿ ಕುಳಿತವರ ಮೊಮ್ಮಕ್ಕಳು, ಮೂರು ಗಂಟೆ ಹದಿನೇಳು ನಿಮಿಷಕ್ಕೆ ಅಳುವುದೇ? ಕೊನೆಯ ಸಾಲಿನವರಿಗೂ ಇದೇ ಉತ್ತರ.

ಚೌಕಿಮನೆ | ಡಿಸೆಂಬರ್ 14

ಒಳ್ಳೆಯ ಪೆಟ್ಟು, ಆದರೆ ತಾಳ ತಪ್ಪಿದೆ.

ಯಕ್ಷಗಾನದಲ್ಲಿ ಕಥೆ ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಮಾತು ಹೊಸದಾಗಬೇಕು. ಪದ್ಯ ಹಾಡುವವರಾದ ಭಾಗವತರದ್ದು, ಅದು ಮೊದಲೇ ಬರೆದಿಟ್ಟದ್ದು. ಅರ್ಥ, ಅಂದರೆ ಪದ್ಯದ ಮೇಲೆ ಆಡುವ ಮಾತು, ವೇಷಧಾರಿಯದ್ದು, ಅದು ಆ ರಾತ್ರಿ ಆ ರಂಗಸ್ಥಳದಲ್ಲಿ ಹುಟ್ಟುವಂಥದ್ದು. ಸಂಧಾನಕ್ಕೆ ಬಂದ ಕೃಷ್ಣ ನಿನ್ನೆ ಆಡಿದ ಮಾತನ್ನೇ ಇಂದೂ ಆಡಿದರೆ ಎದುರಿನ ಕೌರವನಿಗೇ ಆಕಳಿಕೆ ಬರುತ್ತದೆ. ನಾವು ನೂರನೆಯ ಸಲ ಹೋಗುವುದು ಇಂದು ಕೌರವ ಹೇಗೆ ಎದುರು ಹೇಳುತ್ತಾನೆ ಎಂದು ಕೇಳುವುದಕ್ಕೆ.

ಈ ಸಿನಿಮಾಗಳಲ್ಲಿ ಇರುವುದು ಅದರ ತಲೆಕೆಳಗು. ವೇಷ ಪ್ರತಿ ಸಲ ಹೊಸದು, ಅರ್ಥ ಪ್ರತಿ ಸಲ ಹಳೆಯದು. ವೇಷ ಕಟ್ಟಲು ಹದಿಮೂರು ವರ್ಷ ಕೊಟ್ಟರು, ಮಾತು ಬರೆಯಲು ಒಂದು ಮಧ್ಯಾಹ್ನ ಕೊಟ್ಟ ಹಾಗಿದೆ.

ಕಡಲಮಗಳು | ಡಿಸೆಂಬರ್ 14

ಚೌಕಿಮನೆಯವರೇ, ಮಾತಿಲ್ಲದ ಕಡೆಯೂ ಅರ್ಥವಿರುತ್ತದೆ. ನನಗೆ ಎರಡನೆಯ ಭಾಗ ಹಿಡಿಸಿದ್ದು ಒಂದೇ ದೃಶ್ಯಕ್ಕೆ. ತುಲ್ಕುನ್ ಎಂಬ ಆ ತಿಮಿಂಗಿಲದಂಥ ಜೀವಿಯನ್ನು ಮರಿಯ ಸಮೇತ ಅಟ್ಟಿಸಿಕೊಂಡು ಹೋಗಿ, ದಣಿಸಿ, ಕೊಂದು, ತಲೆಯೊಳಗಿನಿಂದ ಒಂದು ಸೀಸೆಯಷ್ಟು ದ್ರವ ತೆಗೆದು ಉಳಿದದ್ದನ್ನೆಲ್ಲ ಕಡಲಿಗೆ ಬಿಡುತ್ತಾರೆ. ಮನುಷ್ಯನ ಮುಪ್ಪು ನಿಲ್ಲಿಸುವ ಮದ್ದಂತೆ. ಅದಕ್ಕೆ ಚಿತ್ರದಲ್ಲೇ ಇಟ್ಟ ಹೆಸರು ‘ಅಮೃತಾ’.

ನಾನು ಮಲ್ಪೆಯಲ್ಲಿ ಬೆಳೆದವಳು, ಅಪ್ಪನದ್ದು ದೋಣಿ ಇತ್ತು. ನಮ್ಮ ಕಡೆ ಪತ್ರಿಕೆಯಲ್ಲಿ ಆಗಾಗ ಬರುವ ಸುದ್ದಿ ನೆನಪಿದೆಯೇ? ‘ತಿಮಿಂಗಿಲ ವಾಂತಿ ಮಾರಾಟಕ್ಕೆ ಯತ್ನ, ಬಂಧನ.’ ಅಂಬರ್‌ಗ್ರಿಸ್ ಎನ್ನುವ ಆ ಮೇಣದಂಥ ಗಟ್ಟಿ ಸುಗಂಧದ್ರವ್ಯದ ಉದ್ಯಮಕ್ಕೆ ಬೇಕು. ಅದು ಹುಟ್ಟುವುದು ಸ್ಪರ್ಮ್ ತಿಮಿಂಗಿಲದ ಕರುಳಿನಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ದೇಶದಲ್ಲಿ ಅದರ ವ್ಯಾಪಾರ ಅಪರಾಧ. ಅಪ್ಪನಿಗೆ ಜೀವಮಾನದಲ್ಲಿ ಒಂದು ಸಲವೂ ಅದು ಸಿಗಲಿಲ್ಲ. ಸಿಕ್ಕವರ ಕಥೆಗಳನ್ನು ಮಾತ್ರ ಬಲೆ ಹೆಣೆಯುವಾಗ ಕೊನೆಯಿಲ್ಲದೆ ಹೇಳುತ್ತಿದ್ದರು. ಆ ದೃಶ್ಯ ಬಂದಾಗ ನನ್ನ ಪಕ್ಕದಲ್ಲಿ ಕುಳಿತಿದ್ದ ಅಪ್ಪ, ಮಾತು ಒಂದೂ ಅರ್ಥವಾಗದಿದ್ದರೂ, ‘ಥೂ’ ಎಂದರು. ಮಾತು ಬರೆಯಲು ಒಂದು ಮಧ್ಯಾಹ್ನ ಕೊಟ್ಟಿರಬಹುದು. ಆ ‘ಥೂ’ ಬರಿಸುವುದಕ್ಕೆ ಎಷ್ಟು ವರ್ಷ ಬೇಕಾಯಿತು ಎನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು. ನಟರನ್ನು ನಿಜವಾಗಿಯೂ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಅಭಿನಯ ಸೆರೆಹಿಡಿದಿದ್ದಾರೆ. ಕೇಟ್ ವಿನ್ಸ್‌ಲೆಟ್ ಏಳು ನಿಮಿಷಕ್ಕೂ ಹೆಚ್ಚು ಉಸಿರು ಹಿಡಿದಿದ್ದರಂತೆ. ಬಂಡೆಯ ಬುಡಕ್ಕೆ ಮುಳುಗಿ ಪಚ್ಚಿಲೆ ಚಿಪ್ಪು ಕೀಳುವವರನ್ನು ಕಂಡಿರುವ ನನಗೆ ಅದು ಸಣ್ಣ ಸಂಗತಿಯಲ್ಲ.

ಅರ್ಧಚಂದ್ರ | ಡಿಸೆಂಬರ್ 14

ಮಣಿಪಾಲದಿಂದ ಭೌತಶಾಸ್ತ್ರದ ಮಾಸ್ತರನೊಬ್ಬನ ಕಿರುಗಾಣಿಕೆ. ಚಿತ್ರ ಹೇಗಿರುತ್ತದೋ, ಈ ವರ್ಷ ಪಾಂಡೋರಾದ ವಿಳಾಸಕ್ಕೆ ಮಾತ್ರ ಹೊಸ ಬೆಲೆ ಬಂದಿದೆ.

ಕಥೆಯಲ್ಲಿ ಪಾಂಡೋರಾ ಒಂದು ಗ್ರಹವಲ್ಲ, ಉಪಗ್ರಹ. ಆಲ್ಫಾ ಸೆಂಟಾರಿ ಎ ಎಂಬ ನಕ್ಷತ್ರವನ್ನು ಸುತ್ತುವ ಪಾಲಿಫೀಮಸ್ ಎಂಬ ದೈತ್ಯ ಅನಿಲ ಗ್ರಹದ ಚಂದ್ರ. ಕ್ಯಾಮರೂನ್ ಇದನ್ನು 2009ರ ಚಿತ್ರಕ್ಕಾಗಿ ಊಹಿಸಿಕೊಂಡರು, ಆಗ ಅಲ್ಲಿ ಅಂಥ ಗ್ರಹದ ಸುಳಿವೇ ಇರಲಿಲ್ಲ. ಈ ಆಗಸ್ಟ್‌ನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ತಂಡ, ಅದೇ ನಕ್ಷತ್ರದ ಸುತ್ತ ಶನಿಯಷ್ಟು ದ್ರವ್ಯರಾಶಿಯ ಅನಿಲ ಗ್ರಹವೊಂದು ಇರುವಂತಿದೆ ಎಂದು ಪ್ರಕಟಿಸಿತು. 2024ರ ಆಗಸ್ಟ್‌ನಲ್ಲಿ ಕಂಡ ಆ ಚುಕ್ಕೆ ಮುಂದಿನ ಎರಡು ವೀಕ್ಷಣೆಗಳಲ್ಲಿ ಕಾಣಿಸಲಿಲ್ಲ. ನಕ್ಷತ್ರಕ್ಕೆ ತೀರಾ ಹತ್ತಿರ ಸರಿದು ಬೆಳಕಿನಲ್ಲಿ ಮುಚ್ಚಿಹೋಗಿರಬಹುದು ಎನ್ನುತ್ತಾರೆ. ಹಾಗಾಗಿ ಅದು ಇನ್ನೂ ‘ಅಭ್ಯರ್ಥಿ’, ಗೆದ್ದಿಲ್ಲ.

ನೋಡಬೇಕೆನ್ನುವವರಿಗೆ: ಮೇ ತಿಂಗಳ ನಡುವಿನಲ್ಲಿ, ಮಳೆಗಾಲ ಹಿಡಿಯುವ ಮುಂಚೆ, ರಾತ್ರಿ ಹತ್ತರಿಂದ ಹನ್ನೊಂದರ ಹೊತ್ತಿಗೆ ನೇರ ದಕ್ಷಿಣಕ್ಕೆ ಮುಖ ಮಾಡಿ. ತ್ರಿಶಂಕು ನಕ್ಷತ್ರಪುಂಜದ ಎಡಕ್ಕೆ ಎರಡು ಪ್ರಕಾಶಮಾನ ಚುಕ್ಕೆಗಳು. ಅದರಲ್ಲಿ ಇನ್ನೂ ಎಡಗಡೆಯದ್ದು ಆಲ್ಫಾ ಸೆಂಟಾರಿ. ಮಂಗಳೂರಿನಲ್ಲಿ ಅದು ದಿಗಂತದಿಂದ 16 ಡಿಗ್ರಿಗಿಂತ ಮೇಲೆ ಏರುವುದಿಲ್ಲ, ತೆಂಗಿನ ಮರ ಅಡ್ಡ ಬಂದರೆ ಮುಗಿಯಿತು. ದೆಹಲಿಯವರಿಗೆ ಅಷ್ಟೂ ಸಿಗುವುದಿಲ್ಲ. ಬೆಳಕು ಅಲ್ಲಿಂದ ಬರಲು ನಾಲ್ಕು ವರ್ಷಕ್ಕೂ ಹೆಚ್ಚು ಬೇಕು. ಮೊದಲ ಚಿತ್ರದ ನಾಯಕ ಅಲ್ಲಿಗೆ ಹೋಗಲು ಐದು ವರ್ಷ ಒಂಬತ್ತು ತಿಂಗಳು ಮಲಗಿದ್ದ.

ಒಂದು ತಕರಾರು. ದಯವಿಟ್ಟು ಕನ್ನಡ ಅವತರಣಿಕೆಗೆ ಹೋಗಬೇಡಿ. ಅಭಿನಯ ಎಂದರೆ ಅರ್ಧ ದನಿ. ಹದಿನಾಲ್ಕರ ಹುಡುಗಿ ಕೀರಿಯ ಪಾತ್ರವನ್ನು ಮಾಡಿದವರು 1949ರಲ್ಲಿ ಹುಟ್ಟಿದ ಸಿಗೋರ್ನಿ ವೀವರ್. ಆ ದನಿಯಲ್ಲಿರುವ ವಿಚಿತ್ರ ಬೆರಕೆಯೇ ಆ ಪಾತ್ರ. ಅದನ್ನು ತೆಗೆದು ಬೇರೆ ದನಿ ಅಂಟಿಸಿದರೆ ಉಳಿಯುವುದು ಬೊಂಬೆ.

ಹಾಲಾಡಿ ಹೊಳೆ | ಡಿಸೆಂಬರ್ 14

ಮಾಸ್ತರೇ, ನಕ್ಷತ್ರದ ಪಾಠಕ್ಕೆ ನಮಸ್ಕಾರ. ದನಿಯ ಪಾಠಕ್ಕೆ ಮಾತ್ರ ಎದುರು ಹೇಳುತ್ತೇನೆ.

ನೀವು ಮೂಲ ಎಂದುಕೊಂಡಿರುವ ಇಂಗ್ಲಿಷ್ ಕೂಡ ಅನುವಾದವೇ. ಎರಡನೆಯ ಚಿತ್ರದ ಆರಂಭದಲ್ಲೇ ನಾಯಕ ಜೇಕ್ ಹೇಳುತ್ತಾನೆ: ನಾವಿ ಭಾಷೆ ತನಗೆ ಎಷ್ಟು ಒಗ್ಗಿದೆಯೆಂದರೆ ಈಗ ಇಂಗ್ಲಿಷಿನಂತೆಯೇ ಕೇಳಿಸುತ್ತದೆ. ಅಲ್ಲಿಂದ ಮುಂದೆ ಮನೆಮಂದಿ ಆಡುವ ಇಂಗ್ಲಿಷ್ ನಮ್ಮ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು. ಅವನ ಕಿವಿಗೆ ಇಂಗ್ಲಿಷಾಗಿ ಕೇಳಿಸುವುದು ನನ್ನ ಕಿವಿಗೆ ಕನ್ನಡವಾಗಿ ಕೇಳಿಸಿದರೆ ಯಾವ ಮೂಲ ಕೆಟ್ಟಿತು?

ಇನ್ನು ನನ್ನ ಮುಖ್ಯ ಮಾತು. ನಾವಿಗಳು ಎದುರಾದಾಗ ಹೇಳಿಕೊಳ್ಳುವ ಒಂದು ವಂದನೆ ಇದೆಯಲ್ಲ, ‘ನಿನ್ನನ್ನು ನೋಡುತ್ತಿದ್ದೇನೆ’ ಎನ್ನುವ ಅರ್ಥದ್ದು. ಭಾಷಾಶಾಸ್ತ್ರಜ್ಞ ಪಾಲ್ ಫ್ರೊಮರ್ ಈ ಭಾಷೆಯನ್ನು ಕಟ್ಟುವಾಗ ಅದರಲ್ಲಿ ಎರಡು ಕ್ರಿಯಾಪದ ಇಟ್ಟಿದ್ದಾರೆ. ಬರೀ ಕಣ್ಣಿನಿಂದ ನೋಡುವುದಕ್ಕೆ ಒಂದು, ಒಳಗನ್ನು ಅರಿಯುವುದಕ್ಕೆ ಇನ್ನೊಂದು. ವಂದನೆಯಲ್ಲಿ ಬರುವುದು ಎರಡನೆಯದು, ‘ಕಾಮೆ’. ಇಂಗ್ಲಿಷಿನಲ್ಲಿ ಎರಡಕ್ಕೂ ಇರುವುದು ಒಂದೇ ಬಡ ಪದ. ಅದಕ್ಕೇ ಮೊದಲ ಚಿತ್ರದಲ್ಲಿ ಆ ಅರ್ಥವನ್ನು ಒಬ್ಬರು ಬಿಡಿಸಿ ಹೇಳಬೇಕಾಯಿತು. ನಮ್ಮಲ್ಲಿ ‘ನೋಡು’ ಇದೆ, ‘ಕಾಣು’ ಇದೆ. ದಾಸರು ಉಡುಪಿಯಲ್ಲಿ ನಿಂತು ‘ಕಂಡೆ’ ಎಂದಾಗ ಅದು ಕಣ್ಣಿನ ಕೆಲಸವಲ್ಲ. ಒಳಗಿನ ನೋಟಕ್ಕೆ ‘ಕಾಣ್ಮೆ’ ಎನ್ನುತ್ತೇವೆ. ಕಾಮೆ, ಕಾಣ್ಮೆ! ಕಾಕತಾಳೀಯವೇ ಸರಿ, ಆದರೂ ಮೈ ಜುಮ್ಮೆನ್ನುತ್ತದೆ. ಡಬ್ಬಿಂಗ್ ಬರೆದವರಿಗೆ ಕಿವಿ ಇದ್ದರೆ ಈ ಒಂದು ಸಾಲು ಇಂಗ್ಲಿಷಿಗಿಂತ ಕನ್ನಡದಲ್ಲಿ ಚೆನ್ನಾಗಿ ಬರಬೇಕು.

ಕೊನೆಯ ಸಾಲು | ಡಿಸೆಂಬರ್ 14

ಹಾಲಾಡಿಯವರೇ, ನಿಮ್ಮ ಕುಂದಾಪುರದಲ್ಲಿ ಬಸ್ಸು ಬಂತೇ ಎಂದು ನೋಡುವುದೂ ‘ಕಾಣು’ವುದೇ ಅಲ್ಲವೇ? ಹಾಗಾದರೆ ನಿಮ್ಮ ಊರಿನ ಬಸ್ ನಿಲ್ದಾಣದಲ್ಲಿ ಎಲ್ಲರೂ ಜ್ಞಾನಿಗಳು.

ಹಾಲಾಡಿ ಹೊಳೆ | ಡಿಸೆಂಬರ್ 14

ನಮ್ಮಲ್ಲಿ ಬಸ್ಸು ಬರುವುದು ಅಷ್ಟು ಅಪರೂಪ. ಬಂದರೆ ಅದು ದರ್ಶನವೇ.

ಚೌಕಿಮನೆ | ಡಿಸೆಂಬರ್ 15

ಕಾಣು–ನೋಡು ಮಾತು ಚೆನ್ನಾಗಿದೆ, ಅದನ್ನು ನಾನು ಕದ್ದು ತಾಳಮದ್ದಳೆಯಲ್ಲಿ, ವೇಷವಿಲ್ಲದ ಆ ಮಾತಿನ ಕೂಟದಲ್ಲಿ, ಬಳಸುತ್ತೇನೆ. ಹೇಳಿ ಕದಿಯುತ್ತಿದ್ದೇನೆ.

ಆದರೆ ಡಬ್ಬಿಂಗ್ ಬಗ್ಗೆ ನಮ್ಮ ತಲೆಮಾರಿನ ಅಳುಕು ಇನ್ನೂ ಹೋಗಿಲ್ಲ. 1960ರ ದಶಕದಲ್ಲಿ ಶುರುವಾದ ವಿರೋಧ ಅದು. ಬೇರೆ ಭಾಷೆಯ ದೊಡ್ಡ ಚಿತ್ರಗಳು ಕನ್ನಡ ಮಾತಾಡಿಕೊಂಡು ಬಂದರೆ ನಮ್ಮ ಕಲಾವಿದರ, ತಂತ್ರಜ್ಞರ ಅನ್ನ ಹೋಗುತ್ತದೆ ಎಂದು ನಂಬಿದ್ದೆವು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದು ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿದ ಮೇಲೆ ಬಾಗಿಲು ತೆರೆಯಿತು. ನನಗೆ ಆಗ ಕೋಪ ಬಂದಿತ್ತು.

ಹಾಲಾಡಿ ಹೊಳೆ | ಡಿಸೆಂಬರ್ 15

ಬಾಗಿಲು ತೆರೆದು ಹತ್ತು ವರ್ಷವಾಯಿತು. ಈ ಅಕ್ಟೋಬರ್ 2ರಂದು ಕಾಂತಾರದ ಹೊಸ ಚಿತ್ರ ಬಂದಾಗ ಕರಾವಳಿಯಲ್ಲಿ ಪರದೆಗೆ ಬರವಿತ್ತೇ? ಅನ್ನ ಹೋಗುವುದು ಒಳ್ಳೆಯ ಅಡುಗೆ ಮಾಡದಿದ್ದಾಗ. ಇಂಗ್ಲಿಷ್ ಬಾರದ ನನ್ನ ಅಮ್ಮ ಇಷ್ಟು ವರ್ಷ ಇಂಥ ಚಿತ್ರಗಳಿಂದ ಹೊರಗೆ ಉಳಿದದ್ದನ್ನು ಯಾವ ಲೆಕ್ಕಕ್ಕೆ ಬರೆದುಕೊಂಡಿರಿ?

ಕಡಲಮಗಳು | ಡಿಸೆಂಬರ್ 15

ನನ್ನ ಅಪ್ಪನೂ ಅದೇ ಲೆಕ್ಕದವರು. ಒಂದು ‘ಥೂ’ ಬಿಟ್ಟು ಅವರ ಪಾಲಿಗೆ ಉಳಿದ ಮೂರು ಗಂಟೆ ಮೂಕಿ ಚಿತ್ರ. ಈಗ ಅವರಿಲ್ಲ. ಈ ಸಲ ಕನ್ನಡದ್ದಕ್ಕೇ ನನ್ನ ಹೆಸರು ಬರೆದುಕೊಳ್ಳಿ.

ಪಾಂಡೋರಾ ಪಣಂಬೂರು | ಡಿಸೆಂಬರ್ 17

ಹೆಸರು ಕೊಟ್ಟವರು ಹನ್ನೊಂದು. ಅದರಲ್ಲಿ ಎಂಟು ಮಂದಿಗೆ ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಕಚೇರಿ, ಬ್ಯಾಂಕು, ಮಕ್ಕಳ ಶಾಲೆ. ರಜೆ ಕೇಳಿದ ಒಬ್ಬರಿಗೆ ಮೇಲಧಿಕಾರಿ, ‘ಸಿನಿಮಾ ಎಂದು ಅರ್ಜಿಯಲ್ಲಿ ಬರೆದು ಕೊಡಿ, ಮಂಜೂರು ಮಾಡುತ್ತೇನೆ’ ಎಂದರಂತೆ. ಬರೆಯುವ ಧೈರ್ಯ ಇವರಿಗೆ ಬರಲಿಲ್ಲ. ಕೊನೆಗೆ ಶುಕ್ರವಾರ ರಾತ್ರಿಯ ಇಂಗ್ಲಿಷ್ 3ಡಿ ಆಟಕ್ಕೆ ಹನ್ನೊಂದು ಟಿಕೆಟ್ ತೆಗೆದೆ. ಹಾಲಾಡಿಯವರು ಕ್ಷಮಿಸಬೇಕು.

ಹಾಲಾಡಿ ಹೊಳೆ | ಡಿಸೆಂಬರ್ 17

ಕ್ಷಮಿಸುವುದಿಲ್ಲ. ಕನ್ನಡದ ಪರವಾಗಿ ಇಲ್ಲಿ ಇಷ್ಟು ಬರೆದು, ದುಡ್ಡು ಇಂಗ್ಲಿಷ್ ಆಟಕ್ಕೆ ಕಟ್ಟಿದಿರಿ. ನಾಡಿದ್ದು ಆ ಒಂಬತ್ತು ಗಂಟೆಯ ಆಟ ಖಾಲಿ ಓಡುತ್ತದೆ, ಮುಂದಿನ ವಾರ ಅದನ್ನು ತೆಗೆಯುತ್ತಾರೆ. ಆಮೇಲೆ ‘ಕನ್ನಡಕ್ಕೆ ಪರದೆ ಕೊಡುವುದಿಲ್ಲ’ ಎಂದು ನಾವೇ ಇನ್ನೊಂದು ಚರ್ಚೆ ಶುರು ಮಾಡುತ್ತೇವೆ. ನಾನು ಶುಕ್ರವಾರ ಬರುವುದಿಲ್ಲ. ನನ್ನ ಟಿಕೆಟ್ ಯಾರಿಗಾದರೂ ಕೊಡಿ.

ಕೊನೆಯ ಸಾಲು | ಡಿಸೆಂಬರ್ 20, ನಡುರಾತ್ರಿ ಒಂದೂವರೆ

ಈಗ ಮನೆಗೆ ಮುಟ್ಟಿದೆ. ಬೆನ್ನು ನೋವು. ಕಣ್ಣು ಉರಿ. ಮತ್ತೊಮ್ಮೆ ಹೋಗುತ್ತೇನೆ. ಜೇಕ್‌ನ ಮನೆಯಲ್ಲಿ ಬೆಳೆದ ಆ ಮನುಷ್ಯರ ಹುಡುಗ ಸ್ಪೈಡರ್, ಪಾಂಡೋರಾದ ವಿಷಗಾಳಿಯಲ್ಲಿ ಮುಖವಾಡ ಇಲ್ಲದೆ ಉಸಿರಾಡುತ್ತಾನಲ್ಲ...

ನಿಯಮಪಾಲಕ | ಡಿಸೆಂಬರ್ 20

ಕಥೆ ಬಿಟ್ಟುಕೊಡುವವರು ಮೊದಲ ಸಾಲಿನಲ್ಲಿ ಎಚ್ಚರಿಕೆ ಬರೆಯಬೇಕು. ಇನ್ನೂ ನೋಡದವರು ಇಲ್ಲಿಂದ ಕೆಳಗೆ ಓದುವುದು ಅವರವರ ಹೊಣೆ.

ಪಾಂಡೋರಾ ಪಣಂಬೂರು | ಡಿಸೆಂಬರ್ 20

ಗಾಳಿಯ ವ್ಯಾಪಾರಿಗಳು! ಮೋಡದ ನಡುವಿನಿಂದ ಆ ಹಡಗುಗಳು ಹೊರಬಂದಾಗ ನಮ್ಮ ಸಾಲಿನಲ್ಲಿ ಮಾತಿಲ್ಲ. ಕಟ್ಟಿದ ಹಗ್ಗ, ಒಣಗಿದ ಚರ್ಮ, ಕೆಳಗೆ ತೂಗುವ ತೊಟ್ಟಿಲು, ಎಲ್ಲವೂ ಬಳಸಿ ಸವೆದಂತೆ ಕಾಣುತ್ತದೆ. ಹಳೆಯ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ತುಂಬಿಕೊಳ್ಳುವ ಮಂಜಿ ಹಡಗುಗಳನ್ನು ನೋಡಿದವರಿಗೆ ಗೊತ್ತಾಗುತ್ತದೆ ನಾನು ಏನು ಹೇಳುತ್ತಿದ್ದೇನೆ ಎಂದು. ಅದು ಮುಗಿಯಬಾರದಿತ್ತು. ಬೇಗ ಮುಗಿಯಿತು.

ಅಭಿಮಾನಿಯಾಗಿ ಒಪ್ಪಿಕೊಳ್ಳುವ ಮಾತೂ ಇದೆ. ಕೊನೆಯ ಮುಕ್ಕಾಲು ಗಂಟೆ ಎರಡನೆಯ ಚಿತ್ರದ್ದೇ. ಕಡಲು, ಹಡಗು, ಸೆರೆ ಸಿಕ್ಕ ಮಕ್ಕಳು, ತುಲ್ಕುನ್‌ಗಳ ನೆರವು. ಚೌಕಿಮನೆಯವರೇ, ನಿಮ್ಮ ಟಿಕೆಟ್ ಇಲ್ಲದ ಭವಿಷ್ಯ ಅಷ್ಟರ ಮಟ್ಟಿಗೆ ಸರಿ.

ಚೌಕಿಮನೆ | ಡಿಸೆಂಬರ್ 20

ಟಿಕೆಟ್ ಇತ್ತು. ಹಾಲಾಡಿಯವರು ಬಿಟ್ಟದ್ದನ್ನು ಪಣಂಬೂರಿನವರು ನನಗೆ ದಾಟಿಸಿದರು. ಹನ್ನೊಂದನೆಯವನಾಗಿ ನಾನೂ ಅದೇ ಸಾಲಿನಲ್ಲಿದ್ದೆ. ಇಲ್ಲಿ ಬೈದ ನಾಚಿಕೆಗೆ ಮಧ್ಯಂತರದಲ್ಲಿ ಯಾರಿಗೂ ಮುಖ ತೋರಿಸದೆ ಚಹಾ ಕುಡಿದೆ.

ಆ ವರಾಂಗ್ ಪ್ರವೇಶ ಇದೆಯಲ್ಲ, ಅದು ಬಣ್ಣದ ವೇಷ. ಎರಡು ಮಾತಿಲ್ಲ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ರಾಕ್ಷಸ ಬರುವಾಗ ದೊಂದಿಗೆ ರಾಳದ ಪುಡಿ ಎರಚುತ್ತಾರೆ, ಭುಗ್ಗೆಂದು ಬೆಂಕಿ ಏಳುತ್ತದೆ, ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರೆ. ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ಮುಖದಲ್ಲಿ ಆಡುವುದು ಕಣ್ಣು ಮಾತ್ರ. ಇಲ್ಲಿಯೂ ಹಾಗೆಯೇ. ಕಂಪ್ಯೂಟರ್ ಬಳಿದ ಬೂದಿ, ಕೆಂಪು ಬಣ್ಣ, ಗರಿ ಇಷ್ಟೆಲ್ಲದರ ಹಿಂದೆ ಒಬ್ಬ ನಟಿಯ ಕಣ್ಣು ಆಡುತ್ತಿತ್ತು. ನಾನು ಮಾಸ್ತರರ ‘ದನಿಯೇ ಅರ್ಧ’ ವಾದವನ್ನು ಆ ಕ್ಷಣ ಬಿಟ್ಟೆ.

ಆಮೇಲೆ ಏನಾಯಿತು? ಅಂಥ ಪ್ರವೇಶ ಕೊಟ್ಟು, ಆಕೆಯನ್ನು ಹಳೆಯ ಖಳ ಕರ್ನಲ್ ಕ್ವಾರಿಚ್‌ನ ಪಕ್ಕದಲ್ಲಿ ನಿಲ್ಲಿಸಿಬಿಟ್ಟರು. ಬಂದೂಕು ಸಿಕ್ಕಿದ ಮೇಲೆ ಆಕೆಗೆ ಬೇರೆ ಕೆಲಸವೇ ಇಲ್ಲ. ಬಣ್ಣದ ವೇಷವನ್ನು ರಾಳ ಎರಚಿ ಕರೆತಂದು, ಮೂಲೆಯಲ್ಲಿ ಕೂರಿಸಿ, ಹಾಸ್ಯಗಾರನಿಗೆ ಪದ್ಯ ಕೊಟ್ಟ ಹಾಗಾಯಿತು.

ಕಡಲಮಗಳು | ಡಿಸೆಂಬರ್ 21

ನನ್ನ ಬೇಸರವೂ ಅಲ್ಲಿಯೇ, ಆದರೆ ಬೇರೆ ಕಾರಣಕ್ಕೆ.

ಮನೆ ಹೋದ ಮೇಲೆ ದೇವರನ್ನು ಬಿಟ್ಟವರು ಯಾಕೆ ಕೊಲೆಗಾರರೇ ಆಗಬೇಕು? ಉಳ್ಳಾಲದ ಕಡೆ ಕಡಲ್ಕೊರೆತದಲ್ಲಿ ಮನೆ ಕಳೆದುಕೊಂಡವರನ್ನು ನೋಡಿ. ಮಳೆಗಾಲ ಬಂತೆಂದರೆ ಕಲ್ಲು ಹಾಕುತ್ತಾರೆ, ಸಮುದ್ರ ಕಲ್ಲನ್ನೂ ಎಳೆದುಕೊಳ್ಳುತ್ತದೆ. ಹರಕೆ ಹೊತ್ತವರ ಮನೆಯೂ ಹೋಗಿದೆ, ಹೊರದವರದ್ದೂ ಹೋಗಿದೆ. ನನಗೆ ಗೊತ್ತಿರುವ ಒಬ್ಬ ಹೆಂಗಸು ಅಂದಿನಿಂದ ದೀಪ ಹಚ್ಚುವುದನ್ನು ನಿಲ್ಲಿಸಿದ್ದಾರೆ. ಅವರು ಯಾರಿಗೂ ಬೆಂಕಿ ಇಡಲಿಲ್ಲ. ಬೆಳಗ್ಗೆ ಎದ್ದು ಮೀನು ಮಾರಲು ಹೋಗುತ್ತಾರೆ.

ಚಿತ್ರದಲ್ಲಿ ವರಾಂಗ್ ತನ್ನ ಜನ ಹಸಿದಾಗ, ಬೂದಿಯ ನಡುವೆ ಒಬ್ಬಳೇ ನಿಂತಾಗ ಏನು ಮಾಡಿದಳು ಎನ್ನುವುದು ಎರಡು ವಾಕ್ಯದಲ್ಲಿ ದಾಟಿಹೋಯಿತು. ನನಗೆ ಬೇಕಿದ್ದ ಸಿನಿಮಾ ಆ ಎರಡು ವಾಕ್ಯದೊಳಗಿತ್ತು. ಜೇಕ್‌ನ ಹೆಂಡತಿ ನೇತಿರಿಯ ದುಃಖವನ್ನು ಮಾತ್ರ ಚೆನ್ನಾಗಿ ತಂದಿದ್ದಾರೆ. ಮಗ ಸತ್ತ ತಾಯಿ ಮನುಷ್ಯಕುಲವನ್ನೇ ದ್ವೇಷಿಸುತ್ತಾಳೆ, ತನ್ನ ಮನೆಯಲ್ಲೇ ಬೆಳೆದ ಮನುಷ್ಯರ ಹುಡುಗನನ್ನೂ ಬಿಡುವುದಿಲ್ಲ. ಅದು ನಿಜವಾದ ಕಹಿ.

ಅರ್ಧಚಂದ್ರ | ಡಿಸೆಂಬರ್ 21

ಜ್ವಾಲಾಮುಖಿ ದೂರದ ಮಾತು ಎಂದುಕೊಳ್ಳಬೇಡಿ. ಕಡಲಮಗಳ ಊರಿನ ಎದುರಿಗಿರುವ ಸೇಂಟ್ ಮೇರಿಸ್ ದ್ವೀಪದ ಆರುಮೂಲೆ ಕಂಬಗಳು ಲಾವಾ ತಣಿದು ಬಿರುಕು ಬಿಟ್ಟು ಆದವು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಕಳಚಿಕೊಳ್ಳುವ ಕಾಲದ್ದು. ಭಾನುವಾರ ಅದರ ಮೇಲೆ ಕುಳಿತು ಚರುಮುರಿ ತಿನ್ನುತ್ತೇವೆ.

ತಂತ್ರದ ಬಗ್ಗೆ ಒಂದು ದೂರು. ಈ ಸಲವೂ ಕೆಲವು ದೃಶ್ಯ ಸೆಕೆಂಡಿಗೆ 48 ಚೌಕಟ್ಟು (ಫ್ರೇಮ್), ಕೆಲವು ಎಂದಿನ 24. ನೀರಿನಲ್ಲಿ, ಹಾರಾಟದಲ್ಲಿ 48 ಅದ್ಭುತ. ಮಾತಿನ ದೃಶ್ಯಕ್ಕೆ ಮರಳಿದಾಗ ಚಿತ್ರ ತಡವರಿಸಿದಂತಾಗುತ್ತದೆ. ಜೊತೆಗೆ 3ಡಿಯ ಧ್ರುವೀಕೃತ ಕನ್ನಡಕ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ತಿನ್ನುತ್ತದೆ, ಪ್ರೊಜೆಕ್ಟರಿನ ದೀಪ ಹಳೆಯದಾದರೆ ಬೂದಿಯ ಜನ ಬೂದಿಯಲ್ಲೇ ಕರಗಿಹೋಗುತ್ತಾರೆ. ನಾವು ಹೋದ ಕಡೆ ಆದದ್ದು ಅದೇ. ಪಿಲಿಕುಳದ ತಾರಾಲಯದಲ್ಲಿ 2018ರಿಂದ 3ಡಿ ನೋಡುತ್ತಿರುವ ಊರು ಇದು, ನಮಗೆ ವ್ಯತ್ಯಾಸ ತಿಳಿಯುತ್ತದೆ.

ಮತ್ತು ಸ್ಪೈಡರ್ ವಿಷಯ. ಎಚ್ಚರಿಕೆ, ಕಥೆ ಬಿಡುತ್ತಿದ್ದೇನೆ. ಮುಖವಾಡ ಕೈಕೊಟ್ಟಾಗ ಕೀರಿ ಆ ನೆಲದ ಶಿಲೀಂಧ್ರದ ಎಳೆಗಳನ್ನು ಅವನ ಮೈಯೊಳಗೆ ಹರಿಸಿ ಬದುಕಿಸುತ್ತಾಳೆ. ಜೀವಶಾಸ್ತ್ರದವರು ನಗಬಹುದು. ನನಗೆ ಹಿಡಿಸಿದ್ದು ಅದರ ಪರಿಣಾಮ. ಒಬ್ಬ ಮನುಷ್ಯ ಅಲ್ಲಿನ ಗಾಳಿ ಉಸಿರಾಡಬಲ್ಲನಾದರೆ, ಅವನನ್ನು ಕೊಯ್ದು ಗುಟ್ಟು ತಿಳಿದು ಎಲ್ಲರೂ ಬರಬಹುದು. ಹುಡುಗ ಬದುಕಿದ್ದೇ ಅಪಾಯವಾಗುತ್ತದೆ. ಮೂರು ಚಿತ್ರಗಳಲ್ಲಿ ಇದೊಂದು ನಿಜವಾದ ವೈಜ್ಞಾನಿಕ ಕಥೆಯ ತಿರುವು. ಚೌಕಿಮನೆಯವರೇ, ಇದು ಹೊಸ ಅರ್ಥವಲ್ಲವೇ?

ಚೌಕಿಮನೆ | ಡಿಸೆಂಬರ್ 21

ಹೊಸದೇ. ಜೇಕ್ ಆ ಹುಡುಗನ ಮುಂದೆ ಚಾಕು ಹಿಡಿದು ನಿಂತಾಗ ನಾನೂ ಕುರ್ಚಿಯ ಅಂಚಿಗೆ ಬಂದಿದ್ದೆ. ಆದರೆ ಅದನ್ನು ಅರ್ಧ ಗಂಟೆ ಬೆಳೆಸಬೇಕಿತ್ತು. ನಾವಾಗಿದ್ದರೆ ಅಲ್ಲಿ ಒಂದು ರಾತ್ರಿ ಅರ್ಥ ಹೇಳುತ್ತಿದ್ದೆವು.

ಪಾಂಡೋರಾ ಪಣಂಬೂರು | ಡಿಸೆಂಬರ್ 21

ನಾಲ್ಕನೆಯದು 2029ರ ಡಿಸೆಂಬರ್ 21ಕ್ಕೆ ಎಂದು ದಿನ ಗೊತ್ತುಮಾಡಿದ್ದಾರೆ. ಇಂದಿಗೆ ಸರಿಯಾಗಿ ನಾಲ್ಕು ವರ್ಷ. ಇದು ದುಡ್ಡು ಮಾಡಿದರೆ ಮಾತ್ರವಂತೆ. ಹಾಗಾಗಿ ಎಲ್ಲರೂ ಎರಡೆರಡು ಸಲ ನೋಡಿ, ನನ್ನ ಸ್ವಾರ್ಥಕ್ಕೆ. ಮಗಳು ಆಗ ಪಕ್ಕದ ಕುರ್ಚಿಯಲ್ಲಿ ಕುಳಿತು ನನಗೇ ಸುಮ್ಮನಿರು ಎನ್ನುತ್ತಾಳೆ.

ಹಾಲಾಡಿ ಹೊಳೆ | ಡಿಸೆಂಬರ್ 22

ಎಲ್ಲರೂ ಹೇಳಿ ಮುಗಿಸಿದಿರಾ? ಆ ವಂದನೆಯನ್ನು ಕನ್ನಡದಲ್ಲಿ ಏನೆಂದು ಮಾಡಿದ್ದಾರೆ ಎಂದು ಹೇಳುವವರು ಹನ್ನೊಂದು ಜನರಲ್ಲಿ ಒಬ್ಬರೂ ಇಲ್ಲ. ಒಂಬತ್ತು ಗಂಟೆಯ ಆಟ ಗುರುವಾರದವರೆಗೆ ಇದೆಯಂತೆ. ನಾಳೆ ಮಂಗಳವಾರ ರಜೆ ಹಾಕಿದ್ದೇನೆ. ಬೆಳಗಿನ ಐದೂವರೆಯ ಬಸ್ಸಿಗೆ ಅಮ್ಮನನ್ನು ಕರೆದುಕೊಂಡು ಹೊರಡುತ್ತೇನೆ. ಅರ್ಜಿಯಲ್ಲಿ ಸಿನಿಮಾ ಎಂದೇ ಬರೆದೆ, ಮಂಜೂರಾಯಿತು.

ಒಂದು ಸಂಶಯ. ಅಮ್ಮ ಈಗಾಗಲೇ ಕನ್ನಡಕ ಹಾಕುವವರು. 3ಡಿ ಕನ್ನಡಕವನ್ನು ಅದರ ಮೇಲೆ ಹಾಕಿಕೊಳ್ಳಬಹುದೇ, ಅದನ್ನು ತೆಗೆಯಬೇಕೇ?

ಚೌಕಿಮನೆ | ಡಿಸೆಂಬರ್ 22

‘ಕಾಣು’ ಎಂದರೋ ‘ನೋಡು’ ಎಂದರೋ ಕಿವಿಗೊಟ್ಟು ಕೇಳಿ ಬನ್ನಿ. ಜನವರಿ ಎರಡನೆಯ ವಾರ ತಾಳಮದ್ದಳೆ ಕೂಟ ಇದೆ, ಅಷ್ಟರೊಳಗೆ ಬೇಕು.

ಕೊನೆಯ ಸಾಲು | ಡಿಸೆಂಬರ್ 22

ಮೇಲೆಯೇ ಹಾಕಿಕೊಳ್ಳಬಹುದು, ಮೂಗಿಗೆ ಸ್ವಲ್ಪ ಭಾರ. ಹೊರಗೆ ಬರುವಾಗ ಬಾಗಿಲಲ್ಲಿ ಒಂದು ಪೆಟ್ಟಿಗೆ ಇಟ್ಟಿರುತ್ತಾರೆ, 3ಡಿ ಕನ್ನಡಕವನ್ನು ಅದಕ್ಕೆ ಹಾಕಬೇಕು. ಯಾವುದನ್ನು ಹಾಕುತ್ತಿದ್ದೀರಿ ಎಂದು ಸರಿಯಾಗಿ ನೋಡಿ ಹಾಕಿ. ನನ್ನ ಓದುವ ಕನ್ನಡಕ ಶುಕ್ರವಾರದಿಂದ ಆ ಪೆಟ್ಟಿಗೆಯಲ್ಲಿದೆ. ನೀವು ಕುಂದಾಪುರದವರು, ಕಂಡು ಹಾಕಿ.